ಹನ್ನೊಂದು ನಿಮಿಷದ ಕೋಟು

ನಮ್ಮವರು ಬಸ್ ಡಿಪೋದಲ್ಲಿ ವೇಳಾಪಟ್ಟಿ ವಿಭಾಗದ ಮುಖ್ಯಸ್ಥರು. ಯಾವ ಬಸ್ಸು ಎಷ್ಟು ಗಂಟೆಗೆ ಬಿಡಬೇಕು, ಯಾವ ನಿಲ್ದಾಣದಲ್ಲಿ ಎಷ್ಟು ನಿಮಿಷ ನಿಲ್ಲಬೇಕು ಎಂಬುದನ್ನೆಲ್ಲ ಇಪ್ಪತ್ತಾರು ವರ್ಷದಿಂದ ಅವರೇ ನಿರ್ಧರಿಸುತ್ತಾ ಬಂದಿದ್ದಾರೆ. ಬಸ್ಸುಗಳಿಗೆ ಅದು ಒಳ್ಳೆಯದೇ. ಆದರೆ ಆ ರೂಢಿಯನ್ನು ಸಂಜೆ ಆಫೀಸಿನಲ್ಲೇ ಬಿಟ್ಟು ಬರಬೇಕಲ್ಲ, ಬರುವುದಿಲ್ಲ. ನಮ್ಮ ಮನೆಯಲ್ಲಿ ಹಾಲು ಕಾಯುವುದಕ್ಕೂ ಇಷ್ಟು ನಿಮಿಷ ಅಂತಿದೆ. ಹಾಲು ಅದನ್ನು ಪಾಲಿಸುವುದಿಲ್ಲ, ಬೈಸಿಕೊಳ್ಳುವುದು ನಾನು.

ಡಿಪೋದಲ್ಲಿ ಅವರದೊಂದು ಕಟ್ಟುನಿಟ್ಟು. ಬಸ್ಸು ತಡವಾಗಿ ಬಿಟ್ಟರೆ ಚಾಲಕನಿಗೆ ಬರೀ ಬೈಗುಳ. ಒಂದೇ ಒಂದು ನಿಮಿಷ ಮುಂಚೆ ಬಿಟ್ಟನೋ, ಮೂರು ದಿನ ಅವನು ಸ್ಟಿಯರಿಂಗ್ ಮುಟ್ಟುವಂತಿಲ್ಲ.

"ತಡ ಆದ್ರೆ ಪ್ರಯಾಣಿಕ ಬೈತಾನೆ, ಅಷ್ಟೇ. ಮುಂಚೆ ಬಿಟ್ರೆ ಅವನು ಅಲ್ಲೇ ಉಳ್ಕೋತಾನೆ. ಜನಾನ ಉಳಿಸಿ ಬಂದೋನು ಚಾಲಕನೇ ಅಲ್ಲ" ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿರುತ್ತಾರೆ. ಕೇಳಿ ಕೇಳಿ ನನಗೂ ಬಾಯಿಪಾಠವಾಗಿದೆ.

ನಾನು ದರ್ಜಿ. ಮನೆಯ ಮುಂದಿನ ಕೋಣೆಯಲ್ಲಿ ಎರಡು ಮಿಷನ್ನು ಇಟ್ಟುಕೊಂಡು ಕೋಟು ಹೊಲಿಯುತ್ತೇನೆ. ಹೊಲಿಗೆ ಚೆನ್ನಾಗಿದೆ ಎಂದು ಊರೆಲ್ಲ ಹೇಳುತ್ತದೆ, ನನಗೆ ಮಾತ್ರ ಸಮಾಧಾನವಿಲ್ಲ. ತೋಳು ಕೂರಿಸುವ ಕಡೆ, ಹೆಗಲ ಹಿಂಭಾಗದಲ್ಲಿ, ಒಂದು ಸಣ್ಣ ಸುಕ್ಕು ಬರುತ್ತದೆ. ಇಪ್ಪತ್ತೆರಡು ವರ್ಷದಿಂದ ಬರುತ್ತಿದೆ. ಇಸ್ತ್ರಿ ಒತ್ತಿದರೆ ಆ ದಿನ ಹೋಗುತ್ತದೆ, ಮಾರನೆಯ ದಿನ ಹಾಜರ್. ನನಗೆ ಸೂಜಿ ಹಿಡಿಯಲು ಕಲಿಸಿದ ದೊಡ್ಡಮ್ಮನ ಕೈಯಲ್ಲೂ ಅದು ಬರುತ್ತಿತ್ತು. ಆಕೆ ಚಿಕ್ಕವಯಸ್ಸಿನಲ್ಲಿ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ಇನ್ನೂರು ವರ್ಷದ ಹಳೆಯ ಕೋಟೊಂದನ್ನು ನೋಡಿದ್ದಳಂತೆ. "ತೋಳಲ್ಲಿ ಒಂದು ಸುಕ್ಕಿಲ್ಲ ಕಣೇ. ಗಾಜಿನೊಳಗಿತ್ತು, ಒಳಮೈ ಕಾಣ್ಲಿಲ್ಲ. ನೀನಾದ್ರೂ ಹೋಗಿ ನೋಡು" ಎನ್ನುತ್ತಲೇ ಹೋಗಿಬಿಟ್ಟಳು.

ಹೋದ ತಿಂಗಳು ಪತ್ರಿಕೆಯಲ್ಲಿ ಒಂದು ಸಣ್ಣ ಸುದ್ದಿ ಬಂತು. ಆ ಕೋಟಿನ ಒಂದು ಹೆಗಲನ್ನು ಮಗುಚಿ, ಒಳಮೈ ಕಾಣುವಂತೆ ಇಟ್ಟಿದ್ದಾರೆ, ತಿಂಗಳ ಕೊನೆಯವರೆಗೆ ಮಾತ್ರ. ಆಮೇಲೆ ಬಟ್ಟೆ ಹಾಳಾಗುತ್ತದೆಂದು ಕತ್ತಲ ಕೋಣೆಗೆ ಸೇರಿಸುತ್ತಾರೆ, ಮತ್ತೆ ಯಾರಿಗೂ ತೋರಿಸುವುದಿಲ್ಲ. ನಾನು ಆ ತುಣುಕನ್ನು ಕತ್ತರಿಸಿ ಅವರ ತಟ್ಟೆಯ ಪಕ್ಕದಲ್ಲಿಟ್ಟೆ. ಮದುವೆಯಾದಾಗಿನಿಂದ ಅವರ ಮುಂದೆ ನಾನು ಕೇಳಿದ್ದು ಇದೊಂದೇ.

"ಹೋಗೋಣ" ಎಂದರು. ನನಗೆ ಕಣ್ಣು ತುಂಬಿ ಬಂತು. ಅಳುವುದು ಅವಸರವಾಯಿತು ಎಂದು ಮೂರನೆಯ ದಿನ ಗೊತ್ತಾಯಿತು. ಆ ದಿನ ಅಡುಗೆಮನೆಯ ಬೀರುವಿನ ಮೇಲೆ ವೇಳಾಪಟ್ಟಿ ಅಂಟಿಕೊಂಡಿತ್ತು. ಎರಡೂವರೆ ದಿನ, ಇಪ್ಪತ್ತಮೂರು ಜಾಗ. ನಾನು ಬೆರಳಿಟ್ಟು ಹುಡುಕಿದೆ. ಎರಡನೆಯ ದಿನದ ಸಾಲಿನಲ್ಲಿ, ಎರಡು ಸೇತುವೆಗಳ ನಡುವೆ ಇತ್ತು. ವಸ್ತುಸಂಗ್ರಹಾಲಯ (ಕೋಟು), ಆಗಮನ 11.10, ನಿರ್ಗಮನ 11.21.

"ರೀ, ಹನ್ನೊಂದು ನಿಮಿಷನಾ?"

"ಜಂಕ್ಷನ್ನಿಗೇ ಎಂಟು ನಿಮಿಷ ಕೊಡ್ತೀವಿ. ಕೋಟಿಗೆ ಹನ್ನೊಂದು ಕೊಟ್ಟಿದೀನಿ. ನಿನ್ನದು ಅಂತ!"

ಅವರ ಮುಖದಲ್ಲಿ ನಿಜವಾಗಿಯೂ ಉದಾರತೆ ಇತ್ತು. ನಾನು ಹೋಗಿ ಒಲೆ ಹಚ್ಚಿದೆ.

ದಾರಿಯ ಊಟದ ಜವಾಬ್ದಾರಿ, ನಮ್ಮ ಜೊತೆಗೆ ಹೊರಟ ಮೈದುನನದು. ಅವನು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿದ್ದಾನೆ. ಮದುವೆಯಾಗಿಲ್ಲ, ಯಾವ ಹುಡುಗಿಯ ಅಂಕವೂ ಸರಿಬಂದಿಲ್ಲ. ಅಂಕಿಯಲ್ಲಿ ಬರೆಯದ ಯಾವುದನ್ನೂ ಅವನು ನಂಬುವುದಿಲ್ಲ. ಫೋನಿನಲ್ಲಿ ಜನ ಕೊಟ್ಟ ನಕ್ಷತ್ರಗಳನ್ನು ನೋಡಿ, ನಾಲ್ಕೂವರೆಗಿಂತ ಕಡಿಮೆ ಇರುವ ಹೋಟೆಲಿನ ನೀರನ್ನೂ ಕುಡಿಯಬಾರದು ಎಂದು ಕಡ್ಡಾಯ ಮಾಡಿದ. ಎರಡನೆಯ ದಿನ ಮಧ್ಯಾಹ್ನಕ್ಕೆ ಪಟ್ಟಣದಲ್ಲೇ ಹೆಸರಾದ ಒಂದು ಹೋಟೆಲಿನಲ್ಲಿ ಎರಡು ವಾರ ಮುಂಚೆಯೇ ಮೂವರಿಗೆ ಟೇಬಲ್ ಕಾದಿರಿಸಿದ್ದ. ನಾಲ್ಕು ಪಾಯಿಂಟ್ ಎಂಟು. ಆ ಅಂಕಿಯನ್ನು ಹೇಳುವಾಗ ಅವನ ದನಿಯೇ ಮೆತ್ತಗಾಗುತ್ತಿತ್ತು.

ಮೊದಲನೆಯ ದಿನ ಪಟ್ಟಣದಲ್ಲಿ ನಾವು ನೋಡಿದ್ದೇನು ಎಂದು ಯಾರಾದರೂ ಕೇಳಿದರೆ, ನಮ್ಮವರ ಬೆನ್ನು ಎನ್ನಬೇಕು. ಅವರು ಮುಂದೆ, ನಾನು ಏದುಸಿರು ಬಿಡುತ್ತಾ ನಡುವೆ, ಫೋನಿನಲ್ಲಿ ಮುಖ ಹುದುಗಿಸಿದ ಮೈದುನ ಹಿಂದೆ. ಎತ್ತರದ ಗೋಪುರದ ಲಿಫ್ಟಿಗೆ ಹನುಮಂತನ ಬಾಲದಂಥ ಸಾಲಿತ್ತು. ಪಟ್ಟಿಯಲ್ಲಿ ಲಿಫ್ಟಿಗೆ ಆರು ನಿಮಿಷ. ನಮ್ಮವರು ಕತ್ತೆತ್ತಿ ಗೋಪುರವನ್ನು ಒಮ್ಮೆ ನೋಡಿ, ಪಟ್ಟಿಯಲ್ಲಿ ಗುರುತು ಹಾಕಿಯೇಬಿಟ್ಟರು.

"ಮೇಲೆ ಹತ್ತೋದೇ ಬೇಡ್ವಾ?" ಎಂದೆ.

"ಹತ್ತಿ ಏನ್ ನೋಡ್ತೀಯ? ಊರು ತಾನೆ? ಊರು ಇಲ್ಲೇ ಇದೆಯಲ್ಲ."

ಹೂದೋಟದ ಗೇಟು ನೋಡಿದೆವು. ನದಿಯನ್ನು ದಾಟಿದೆವು, ನದಿ ಇತ್ತು ಎಂದು ಆಮೇಲೆ ಪಟ್ಟಿ ನೋಡಿ ಗೊತ್ತಾಯಿತು. ಹೊಟ್ಟೆ ತಾಳ ಹಾಕುತ್ತಿತ್ತು. ಒಂದು ಹೋಟೆಲಿನ ಬಾಗಿಲಿಂದ ಬಿಸಿ ಸೂಪಿನ ಘಮ ಬಂದು ನನ್ನ ಕಾಲು ತಾನಾಗಿಯೇ ಆ ಕಡೆ ತಿರುಗಿತು. ಮೈದುನ ಅಡ್ಡ ನಿಂತ.

"ಬೇಡಿ ಅತ್ತಿಗೆ. ಮೂರು ತಿಂಗಳ ಹಿಂದೆ ನಾಲ್ಕು ಪಾಯಿಂಟ್ ಆರಿತ್ತು, ಈಗ ನಾಲ್ಕು ಪಾಯಿಂಟ್ ಎರಡು. ಇಳೀತಾ ಇದೆ. ಲಕ್ಷಣ ಒಳ್ಳೇದಲ್ಲ."

"ಅಯ್ಯೋ, ಒಳಗೆ ಜನ ಉಣ್ತಾ ಇದಾರಲ್ಲಪ್ಪ! ಚೆನ್ನಾಗೇ ಇದಾರೆ."

"ಈಗ ಚೆನ್ನಾಗಿರ್ತಾರೆ" ಎಂದ, ಡಾಕ್ಟರ ದನಿಯಲ್ಲಿ.

ಮುಂದಿನ ಹೋಟೆಲಿಗೆ ನಾಲ್ಕು ಪಾಯಿಂಟ್ ಆರು ಇತ್ತು. ಕೂತೂ ಆಗಿತ್ತು. ಅಷ್ಟರಲ್ಲಿ, ಇಲ್ಲಿ ಕುರ್ಚಿ ಅಲ್ಲಾಡುತ್ತದೆ ಎಂದು ಯಾರೋ ಪುಣ್ಯಾತ್ಮ ಹೊಸದಾಗಿ ಬರೆದ. ಮೈದುನ ತನ್ನ ಕುರ್ಚಿಯನ್ನು ಅಲ್ಲಾಡಿಸಿ ನೋಡಿದ. ಅಲ್ಲಾಡಿತು. ಎಬ್ಬಿಸಿಕೊಂಡು ಬಂದ. ಸಂಜೆ ವಸತಿಗೃಹದ ಮಂಚದ ಮೇಲೆ ಕೂತು, ನಾನು ಊರಿಂದ ಕಟ್ಟಿ ತಂದಿದ್ದ ಬಿಸ್ಕತ್ತು ತಿಂದೆವು. ಅದಕ್ಕೆ ಎಷ್ಟು ನಕ್ಷತ್ರ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ನನ್ನ ಮನಸ್ಸೆಲ್ಲ ನಾಳೆಯ ಹನ್ನೊಂದು ಹತ್ತರ ಮೇಲಿತ್ತು.

ಎರಡನೆಯ ದಿನ ವಸ್ತುಸಂಗ್ರಹಾಲಯದ ಮೆಟ್ಟಿಲಿಗೆ ಸರಿಯಾಗಿಯೇ ಬಂದೆವು. ಚೀಲಗಳನ್ನು ಬಾಗಿಲಲ್ಲೇ ಇಟ್ಟು ಹೋಗಬೇಕೆಂದರು. ನನ್ನ ಫೋನು ಹೇಗೂ ಮೈದುನನ ಕೈಯಲ್ಲಿತ್ತು, ಅವನದು ನಕ್ಷತ್ರ ಎಣಿಸಿ ಎಣಿಸಿ ಬೆಳಿಗ್ಗೆಯೇ ಸತ್ತಿತ್ತು. ವೇಳಾಪಟ್ಟಿಯ ನನ್ನ ಪ್ರತಿಯನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡೆ. ಕಿವಿಯ ಹಿಂದೆ ಯಾವತ್ತಿನಂತೆ ನನ್ನ ಪೆನ್ಸಿಲ್ ತುಂಡು. ಮೂರನೆಯ ಮಹಡಿ ಹತ್ತುವಾಗಲೇ ಮೈದುನ ಕೂಗಿದ.

"ಅಣ್ಣಾ, ಹೋಟೆಲ್ ದಾರೀಲಿ ರಸ್ತೆ ಅಗೆದಿದಾರಂತೆ! ಈಗ್ಲೇ ಹೊರಟ್ರೆ ಸರಿ. ಹತ್ತು ನಿಮಿಷ ತಡ ಆದ್ರೆ ಟೇಬಲ್ ಬೇರೆಯವರಿಗೆ ಕೊಟ್ಬಿಡ್ತಾರೆ!"

ನಮ್ಮವರು ಮೆಟ್ಟಿಲ ಮೇಲೇ ನಿಂತು ಲೆಕ್ಕ ಹಾಕಿದರು. "ಇಲ್ಲಿ ಇಳಿಯೋರು ಎಷ್ಟು ಜನ? ಒಬ್ರೇ. ಎರಡು ನಿಮಿಷ ಸಾಕು."

"ರೀ..."

"ಎರಡು ನಿಮಿಷ ಅಂದ್ರೆ ನೂರಿಪ್ಪತ್ತು ಸೆಕೆಂಡು. ಒಂದು ಕೋಟು ನೋಡೋದಕ್ಕೆ ಎಷ್ಟು ಹೊತ್ತು ಬೇಕು?"

ಎಷ್ಟು ಹೊತ್ತು ಬೇಕು ಎಂದು ನನಗೂ ಗೊತ್ತಿರಲಿಲ್ಲ. ನೋಡಿದ ಮೇಲೆ ಗೊತ್ತಾಯಿತು. ಗಾಜಿನ ಪೆಟ್ಟಿಗೆಯೊಳಗೆ ಕಂದು ಬಣ್ಣದ ಒಂದು ಸಾಧಾರಣ ಕೋಟು. ಬಲಹೆಗಲನ್ನು ಮಗುಚಿಟ್ಟಿದ್ದರು. ನಾನು ಮೂಗನ್ನು ಗಾಜಿಗೆ ಒತ್ತಿದೆ. ಹೆಗಲ ಸುತ್ತ ಕೈಹೊಲಿಗೆ, ಎಳ್ಳು ಕಾಳಿನಷ್ಟು ಸಣ್ಣದು. ಬೆನ್ನ ಹಿಂದೆ "ಹೊರಡ್ತಿದೆ!" ಎಂದದ್ದು ಕೇಳಿಸಿತು. ಡಿಪೋದಲ್ಲಿ ಹಾಗೆ ಕೂಗಿ ತಿರುಗಿ ನೋಡದೆ ಹೊರಡುವುದು ರೂಢಿ, ಹತ್ತಿದವರನ್ನು ಎಣಿಸುವುದು ಕಂಡಕ್ಟರನ ಕೆಲಸ. ನಾನು ಹ್ಞೂಂ ಎಂದೆನೋ ಏನೋ. ಕೈಹೊಲಿಗೆ ಕಂಕುಳಿನ ಕಡೆಗೆ ಇಳಿಯುತ್ತಿತ್ತು, ನಾನೂ ಅದರ ಜೊತೆಗೆ ಮೊಣಕಾಲೂರಿದೆ.

ತಿರುಗಿ ನೋಡಿದಾಗ ಯಾರೂ ಇರಲಿಲ್ಲ.

ಮೆಟ್ಟಿಲ ತನಕ ಓಡಿದೆ, ಕಿಟಕಿಯಿಂದ ಬಗ್ಗಿ ನೋಡಿದೆ. ಕೆಳಗೆ ನಮ್ಮವರು ಬಸ್ಸಿನ ಮುಂದಿನ ಬಾಗಿಲಲ್ಲಿ ಹತ್ತುತ್ತಿದ್ದರು, ಚಾಲಕನ ಪಕ್ಕದ ಸೀಟು ಬಿಟ್ಟು ಅವರು ಬೇರೆ ಕಡೆ ಕೂರುವುದಿಲ್ಲ. ಮೈದುನ ಹಿಂದಿನ ಬಾಗಿಲಲ್ಲಿ, ನನ್ನ ಫೋನು ನೋಡಿಕೊಂಡೇ ಹತ್ತಿದ. ನಾನು ಅವನ ಜೊತೆಗಿದ್ದೇನೆಂದು ಇವರು, ಇವರ ಜೊತೆಗಿದ್ದೇನೆಂದು ಅವನು. ಬಸ್ಸು ಹೋಯಿತು.

ಗುರುತಿಲ್ಲದ ಊರು, ಫೋನಿಲ್ಲ. ಗೋಡೆ ಹಿಡಿದು ಒಂದು ಗಳಿಗೆ ನಿಂತೆ. ಆಮೇಲೆ ಕೈಯಲ್ಲಿದ್ದ ಪಟ್ಟಿಯನ್ನು ಬಿಡಿಸಿದೆ. ಈಗ ಹೋಟೆಲು, 1.40ಕ್ಕೆ ಎರಡನೆಯ ಸೇತುವೆ, 2.05ಕ್ಕೆ ದೊಡ್ಡ ಗಡಿಯಾರ. ಈ ಭೂಮಿಯ ಮೇಲೆ ನನ್ನ ಗಂಡನಷ್ಟು ಸುಲಭವಾಗಿ ಸಿಗುವ ಮನುಷ್ಯ ಇನ್ನೊಬ್ಬನಿಲ್ಲ. ಹಾಗಿರುವಾಗ ಹುಡುಕುವ ಅವಸರವೇನು? ಮತ್ತೆ ಕೋಟಿನ ಹತ್ತಿರ ಬಂದೆ.

ಕಾವಲಿನ ಹೆಂಗಸು ನನ್ನನ್ನೇ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. "ಕೋಟಲ್ಲಿ ಏನಮ್ಮಾ ಹುಡುಕ್ತಾ ಇದೀರ?" ಎಂದಳು. ಸುಕ್ಕಿನ ಕಥೆ ಹೇಳಿದೆ. ಆಕೆ ತಾನು ಕೂರುತ್ತಿದ್ದ ಸ್ಟೂಲನ್ನು ತಂದು ಗಾಜಿನ ಪಕ್ಕಕ್ಕಿಟ್ಟಳು.

ಬಹಳ ಹೊತ್ತು ಬೇಕಾಯಿತು. ಕೊನೆಗೆ ಕಂಡಿತು. ಹೆಗಲ ಮೇಲೆ ಬಿಗಿಯಾಗಿ ಹೊಲಿದ ಆ ಪುಣ್ಯಾತ್ಮ, ಕಂಕುಳ ಕೆಳಗೆ ಬರುತ್ತಿದ್ದಂತೆ ದಾರವನ್ನು ಎಳೆದೇ ಇಲ್ಲ, ಸಡಿಲ ಬಿಟ್ಟಿದ್ದಾನೆ. ಕೈ ಎತ್ತಿದರೆ ಹೊಲಿಗೆಯೂ ಒಂದಿಷ್ಟು ಬಿಟ್ಟುಕೊಡುತ್ತದೆ, ಹಿಂದಿನ ಬಟ್ಟೆಯನ್ನು ಜಗ್ಗುವುದಿಲ್ಲ. ನಾನು ಇಪ್ಪತ್ತೆರಡು ವರ್ಷ, ಕಿತ್ತುಹೋಗದಿರಲಿ ಎಂದು, ಅಲ್ಲೇ ಎರಡು ಸಲ ಮಿಷನ್ನು ಓಡಿಸುತ್ತಿದ್ದೆ! ಹಣೆ ಹಣೆ ಚಚ್ಚಿಕೊಂಡೆ. ನಗು ಬಂತು, ಅಳುವೂ ಬಂತು. ದೊಡ್ಡಮ್ಮ ಇದ್ದಿದ್ದರೆ ಎಂದುಕೊಂಡೆ. ವೇಳಾಪಟ್ಟಿಯನ್ನು ಮಗುಚಿ, ಅದರ ಖಾಲಿ ಬೆನ್ನಿನ ತುಂಬ ಆ ತೋಳನ್ನು ಬರೆದೆ. ಒಂದೊಂದು ಹೊಲಿಗೆಯನ್ನೂ ಎಣಿಸಿ ಬರೆದೆ. ಅಷ್ಟು ಸುಖವಾದ ಮಧ್ಯಾಹ್ನ ನನ್ನ ಜನ್ಮದಲ್ಲಿ ಬಂದಿರಲಿಲ್ಲ.

ನಮ್ಮವರು ಬಂದಾಗ ಎರಡೂಮುಕ್ಕಾಲು. ಅಂಗಿ ಬೆವರಿಗೆ ಮೈಗಂಟಿತ್ತು, ಮುಖ ಬಿಳಿಚಿತ್ತು. ನನ್ನನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. ಹೋಟೆಲಿನವನು ಮೂರನೆಯ ಕುರ್ಚಿ ಎಳೆದಾಗಲೇ ಅವರಿಗೆ ಗೊತ್ತಾದದ್ದಂತೆ. ಅಗೆದ ರಸ್ತೆಯಲ್ಲಿ ಬಸ್ಸು ಸಿಕ್ಕಿಕೊಂಡು, ಅರ್ಧ ದಾರಿ ನಡೆದೇ ಬಂದಿದ್ದರು. ಮೈದುನ ಬರಲಿಲ್ಲ. ಟೇಬಲ್ ಬಿಟ್ಟರೆ ಮತ್ತೆ ಸಿಗುವುದಿಲ್ಲವೆಂದು ಮೂವರ ಊಟದ ಮುಂದೆ ಒಬ್ಬನೇ ಕೂತಿದ್ದ.

"ಕಾಯ್ತಾ ಇದ್ಯಾ?" ಎಂದರು, ಸಣ್ಣ ದನಿಯಲ್ಲಿ. "ತುಂಬಾ ಹೆದರಿದ್ಯಾ?"

"ಇಲ್ಲ" ಎಂದೆ. ಸುಳ್ಳು ಯಾಕೆ ಹೇಳಲಿ, ಅವರ ನೆನಪೇ ಆಗಿರಲಿಲ್ಲ.

ಅದು ಅವರಿಗೆ ಸಮಾಧಾನ ಕೊಟ್ಟಂತೆ ಕಾಣಲಿಲ್ಲ. ಬೇಗ ಬೇಗ ಶುರು ಮಾಡಿದರು. "ನೋಡು, ನಾನು ಹೊರಡ್ತಿದೆ ಅಂತ ಕೂಗಿದ್ದೆ. ನೀನು ಬರಬೇಕಾಗಿತ್ತು. ಈಗ ಮೂರೂವರೆ ಗಂಟೆ ಹಾಳು..."

ನಾನು ಪಟ್ಟಿಯನ್ನು ಬಿಡಿಸಿ ಅವರ ಕೈಗೆ ಕೊಟ್ಟೆ. "ಇಲ್ಲಿ ನಿರ್ಗಮನ ಎಷ್ಟಕ್ಕೆ ಅಂತ ಬರ್ದಿದೀರ?"

"ಹನ್ನೊಂದು ಇಪ್ಪತ್ತೊಂದು."

"ನೀವು ಬಿಟ್ಟಿದ್ದು?"

ನಮ್ಮವರಿಗೆ ನಾನೇನು ಅಂದರೂ ತಾಗುವುದಿಲ್ಲ. ಅವರದೇ ಅಕ್ಷರ ತಾಗಿತು. ನಿಂತಲ್ಲೇ ಕುಗ್ಗಿಹೋದರು. ಕಾವಲಿನ ಹೆಂಗಸು ಗಾಬರಿಯಾಗಿ ಸ್ಟೂಲನ್ನು ಅವರತ್ತ ತಳ್ಳಿದಳು. ಕೂತರು.

"ಹನ್ನೊಂದು ಹದಿನೈದು" ಎಂದರು ಕೊನೆಗೆ. "ಆರು ನಿಮಿಷ ಮುಂಚೆ."

"ಒಂದು ನಿಮಿಷಕ್ಕೇ ಮೂರು ದಿನ ಅಲ್ವಾ?"

ಅವರು ಕೈಗಡಿಯಾರವನ್ನು ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. ಅದಿಲ್ಲದ ಅವರ ಮಣಿಕಟ್ಟನ್ನು ನಾನು ಕಂಡದ್ದು ಸ್ನಾನದ ಹೊತ್ತಿನಲ್ಲಿ ಮಾತ್ರ. ನನಗೆ ಪಾಪ ಎನಿಸಿತು, ನಿಜ. ಬೇರೇನೂ ಮಾಡಲು ತೋಚದೆ ಅವರು ಕೋಟಿನತ್ತ ತಿರುಗಿದರು. ನೋಡಿದರು. ಪಟ್ಟಿ ಇಲ್ಲದೆ, ಗಡಿಯಾರ ಇಲ್ಲದೆ, ತುಂಬ ಹೊತ್ತು ನೋಡಿದರು.

"ಇದರ ತೋಳು ಹಿಂದೆ ಸುಕ್ಕಾಗಿಲ್ಲ ಅಲ್ವಾ?" ಎಂದರು.

ನಾನು ಬೆಚ್ಚಿಬಿದ್ದೆ. ನನ್ನ ಕೈಯ ಕೋಟುಗಳನ್ನು ಇಪ್ಪತ್ತೆರಡು ವರ್ಷ ತೊಟ್ಟ ಮನುಷ್ಯ. ಒಂದು ದಿನವೂ ಉಸಿರೆತ್ತಿರಲಿಲ್ಲ. ಅವರ ಕಣ್ಣಿಗೆ ಬಿದ್ದೇ ಇಲ್ಲವೆಂದು ನಾನು ನಂಬಿದ್ದೆ.

"ನನ್ನ ಹೊಲಿಗೇಲಿ ಸುಕ್ಕು ಬರುತ್ತೆ ಅಂತ ನಿಮಗೆ ಗೊತ್ತಿತ್ತಾ?"

"ದಿನಾ ಕನ್ನಡೀಲಿ ಕಾಣುತ್ತಲ್ಲ."

"ಮತ್ತೆ ಯಾಕ್ರೀ ಒಂದಿನಾನೂ ಹೇಳ್ಲಿಲ್ಲ?" ನನ್ನ ಮನಸ್ಸು ನೋಯಬಾರದೆಂದು ಈ ಮನುಷ್ಯ ಇಷ್ಟು ವರ್ಷ ನುಂಗಿಕೊಂಡನೇ ಎಂದು ಕರಗಿಹೋದೆ.

"ಹೇಳಿದ್ರೆ ನೀನು ಬಿಚ್ಚಿ ಮತ್ತೆ ಹೊಲಿಯೋಕೆ ಕೂರ್ತಿದ್ದೆ" ಎಂದರು ನಮ್ಮವರು. "ನನಗೆ ಎಂಟೂ ಹತ್ತರ ಬಸ್ಸು ತಪ್ಪೋದು."

ನಾನು ಗಡಿಯಾರವನ್ನು ಜೇಬಿಗೆ ಹಾಕಿಕೊಂಡೆ. ಮೂರು ದಿನವಲ್ಲ, ಆರು ನಿಮಿಷಕ್ಕೆ ಹದಿನೆಂಟು ದಿನ ಎಂದು ಅಲ್ಲೇ ತೀರ್ಪು ಕೊಟ್ಟು, ಮೊದಲು ಕಣ್ಣಿಗೆ ಬಿದ್ದ ಹೋಟೆಲಿನಲ್ಲಿ ಊಟ ಮಾಡೋಣ ನಡೆಯಿರಿ ಎಂದೆ. ಕುರ್ಚಿ ಅಲ್ಲಾಡಿದರೂ ಸರಿಯೇ.