ಹೊಗೆ ಕಾಣಬಾರದ ದಿನ

"ಏ ರಂಡಿ, ಒಲಿ ಆರಸ್ತೀಯೋ ಇಲ್ಲಾ ನಿನ್ನ ತಲಿ ಮ್ಯಾಲ ಕೊಡಾ ಸುರೀಲೋ?"

ಸರಪಂಚರ ಆಳು ಧನರಾಜ ಹೀಗಂದಾಗ ಗುರಮ್ಮನ ಹಂಚಿನ ಮೇಲೆ ರೊಟ್ಟಿ ಇತ್ತು. ಅವಳು ತಲೆ ಎತ್ತಲಿಲ್ಲ. ಒದ್ದೆ ಬಟ್ಟೆಯಿಂದ ರೊಟ್ಟಿಯ ಮೈ ಒರೆಸಿ ತಿರುವಿ ಹಾಕಿದಳು.

"ಇದೊಂದು ಸುಟ್ಟ ಮ್ಯಾಲ ಬೈಯಪಾ. ಧಾಬಾದಾಂವ ಗಾಡಿ ಕಳಸ್ತಾನ."

"ಧಾಬಾದಾಂವ ನಿನ್ನ ಮಿಂಡ ಏನ? ಇವತ್ತ ಊರಾಗ ಒಂದ ಎಳಿ ಹೊಗಿ ಕಾಣಬಾರದು ಅಂತ ಸರಪಂಚರು ಹೇಳಿಲ್ಲೇನ?"

ಕೊಡದ ನೀರು ಒಲೆಗೆ ಬಿತ್ತು. ಬೂದಿ ಭುಸ್ಸೆಂದು ಎದ್ದು ಹಿಟ್ಟಿನ ಪರಾತದ ಮೇಲೆ ಕೂತಿತು. ಆಮೇಲೆ ಗುದ್ದಲಿ ಬಿತ್ತು. ಮಧ್ಯಾಹ್ನದೊಳಗೆ ನಮ್ಮ ಓಣಿಯಲ್ಲಿ ಒಂದೂ ಒಲೆ ಉಳಿಯಲಿಲ್ಲ.

ಅಕ್ಕಲಕೋಟೆ ರಸ್ತೆಯ ಧಾಬಾಗಳಿಗೆ ರೊಟ್ಟಿ ಬಡಿದು ಕೊಟ್ಟೇ ಈ ಓಣಿಯ ಹೆಂಗಸರು ಬದುಕುವುದು. ಊರಿನವರು ನಮ್ಮ ಕೈಯ ನೀರು ಕುಡಿಯುವುದಿಲ್ಲ. ಅದೇ ಜನ ಧಾಬಾದಲ್ಲಿ ನಮ್ಮ ರೊಟ್ಟಿಯನ್ನು ಇನ್ನೊಂದು ಹಾಕು ಎಂದು ಕೇಳಿ ತಿನ್ನುತ್ತಾರೆ. ಒಲೆ ಹೋದರೆ ರೊಟ್ಟಿ ಹೋಯಿತು. ರೊಟ್ಟಿ ಹೋದರೆ ನಾವು ಮತ್ತೆ ಸರಪಂಚ ಶಿವಶರಣಪ್ಪ ಪಾಟೀಲರ ಕಬ್ಬಿನ ಹೊಲಕ್ಕೆ, ಅವರು ಕೊಟ್ಟಷ್ಟು ಕೂಲಿಗೆ.

ಕಲ್ಲಿದ್ದಲು, ಡೀಸೆಲ್, ಕಟ್ಟಿಗೆ ಮೂರನ್ನೂ ಬಿಟ್ಟು ಬಿಸಿಲಿನ ಕರೆಂಟಿಗೆ ಬದಲಾದ ಊರಿಗೆ ಹಸಿರು ನಿಧಿಯ ದೊಡ್ಡ ಅನುದಾನವಿತ್ತು. ನಮ್ಮೂರು ಬದಲಾಗಿದೆಯೆಂದು ಪಾಟೀಲರು ಬರೆದುಕೊಟ್ಟಿದ್ದರು. ಊರ ಹೆಸರಿನಲ್ಲಿ ಬಂದ ಸೋಲಾರ್ ಫಲಕಗಳು ಅವರ ಮಾಳಿಗೆಯ ಮೇಲಿದ್ದವು. ಬಿಸಿಲು ಅಲ್ಲಿಯೇ ಚೆನ್ನಾಗಿ ಬೀಳುತ್ತದಂತೆ. ಎಲ್ಲವನ್ನೂ ಅಳೆದು ನೋಡಲು ಅವತ್ತು ಸೋಲಾಪುರದಿಂದ ಸಮಿತಿ ಬರುವುದಿತ್ತು.

ಧನರಾಜ ಮನೆಗೊಂದರಂತೆ ಕರೆಂಟಿನ ಒಲೆ ಇಟ್ಟು ಹೋದ.

"ತಗೋ, ಇದರ ಮ್ಯಾಲ ಸುಡು. ಬೆಂಕಿ ಇಲ್ಲ, ಹೊಗಿ ಇಲ್ಲ. ಸೂರ್ಯದೇವರ ಒಲಿ."

ಗುರಮ್ಮ ಅದರ ಸಪಾಟು ಗಾಜಿನ ಮೇಲೆ ತನ್ನ ಹಂಚು ಇಟ್ಟಳು. ಹಂಚಿಗೆ ಹೊಟ್ಟೆಯಿತ್ತು. ಅದು ಅತ್ತಿತ್ತ ತೂಗಾಡತೊಡಗಿತು.

"ತೊಟ್ಟಿಲಾತಲ್ಲ ಯಕ್ಕಾ," ಎಂದಳು ಪಕ್ಕದ ಮನೆಯ ಲೀಲಾಬಾಯಿ. "ರೊಟ್ಟಿ ಬ್ಯಾಡ, ಜೋಗುಳ ಹಾಡೂನು."

"ಕರೆಂಟ ಎಲ್ಲಿ ಅದೋ?" ಗುರಮ್ಮ ಕೇಳಿದಳು. ನಮ್ಮ ಓಣಿಯ ಟ್ರಾನ್ಸ್‌ಫಾರ್ಮರ್ ಯುಗಾದಿಗೆ ಸುಟ್ಟದ್ದು ಹಾಗೇ ಕಂಬದ ಮೇಲೆ ಕೂತಿತ್ತು.

"ಬರತದ."

"ಯಾವಾಗ?"

"ಸೂರ್ಯ ಏನ ನಿಮ್ಮಪ್ಪನ ಆಳೇನ? ಬಂದಾಗ ಬರತದ."

ಸಮಿತಿಯ ಉಜ್ವಲಾ ಮ್ಯಾಡಮ್ ಓಣಿಯ ಉದ್ದಕ್ಕೂ ನಡೆದರು. ಹಿಂದೆ ಸಹಾಯಕ ನಿತಿನ, ಅವನ ಕೈಯಲ್ಲಿ ಹೊಗೆ ಅಳೆಯುವ ಯಂತ್ರ. ಅದರ ಪರದೆ ಹಸಿರಾಗಿಯೇ ಇತ್ತು.

"ಇಕಡಚೀ ಹವಾ ಕಿತೀ ಸ್ವಚ್ಛ ಆಹೇ!" ಎಂದು ಮ್ಯಾಡಮ್ ಮರಾಠಿಯಲ್ಲಿ ಇಲ್ಲಿಯ ಗಾಳಿಯನ್ನು ಹೊಗಳಿದರು.

"ಹೌದ್ರಿ ಮ್ಯಾಡಮ್, ಇವರು ಭಾಳ ಸ್ವಚ್ಛ ಮಂದಿ," ಎಂದರು ಪಾಟೀಲರು, ಒಳಗೆ ಕಾಲಿಡದೆ ಓಣಿಯ ಬಾಯಲ್ಲೇ ನಿಂತು.

ಬೆಳಗಿನಿಂದ ನಾವ್ಯಾರೂ ಉಂಡಿರಲಿಲ್ಲ. ಹಸಿದವರ ಓಣಿಯಲ್ಲಿ ಗಾಳಿ ಶುದ್ಧವಾಗಿರುತ್ತದೆ ಎಂಬುದಕ್ಕೆ ಈಗ ಯಂತ್ರದ ಸಾಕ್ಷಿಯೂ ಸಿಕ್ಕಿತು.

ಪಾಟೀಲರ ಮನೆಯ ಮುಂದೆ ಮಂಟಪ ಹಾಕಿದ್ದರು. ಮೋಡ ಕವಿದು ಮಾಳಿಗೆಯ ಫಲಕಗಳು ಮಲಗಿದ್ದರಿಂದ ಮಂಟಪದ ಫ್ಯಾನು, ಮೈಕು ಎಲ್ಲ ಹಿತ್ತಲ ಕೊಟ್ಟಿಗೆಯ ಡೀಸೆಲ್ ಜನರೇಟರಿನಿಂದ ನಡೆಯುತ್ತಿದ್ದವು. ಅದರ ಸದ್ದು ಕೇಳದಿರಲೆಂದು ಧ್ವನಿವರ್ಧಕದಲ್ಲಿ ಭಜನೆ. ಒಂದು ಭಜನೆ ಮುಗಿದು ಇನ್ನೊಂದು ಶುರುವಾಗುವ ನಡುವೆ ದೇವರ ಜಾಗದಲ್ಲಿ ಡುಗುಡುಗು ಕೇಳುತ್ತಿತ್ತು. ಪಾಟೀಲರು ಆಗೆಲ್ಲ ಕೆಮ್ಮುತ್ತಿದ್ದರು. ಕೊಟ್ಟಿಗೆಯ ಕಡೆಗೆ ಯಂತ್ರ ಹೋಗಲಿಲ್ಲ.

"ನಮ್ಮೂರಾಗ ಇನ್ನ ಮ್ಯಾಲ ಹೊಗಿ ಅಂದ್ರ ಊದಿನಕಡ್ಡೀದು ಅಷ್ಟ!" ಎಂದು ಪಾಟೀಲರು ಭಾಷಣ ಮುಗಿಸಿದರು. ಚಪ್ಪಾಳೆ ಬಿತ್ತು. ಊಟಕ್ಕೆ ಪೂರಿ, ಪನೀರು ಬಂದವು. ಮ್ಯಾಡಮ್ ತಟ್ಟೆ ಪಕ್ಕಕ್ಕೆ ಸರಿಸಿದರು.

"ಪಾಟೀಲ ಸಾಹೇಬ, ಗಾವಾತ ಆಲೋ, ಚುಲೀವರಚೀ ಭಾಕರೀ ನಾಹೀ ಕಾ?"

"ಒಲಿ ಮ್ಯಾಲಿನ ರೊಟ್ಟಿ ಕೇಳಾಕತ್ಯಾರ್ರಿ," ನಿತಿನ ಕನ್ನಡದಲ್ಲಿ ಬಿಡಿಸಿ ಹೇಳಿದ. "ಸ್ವಲ್ಪ ಹೊಗಿ ವಾಸನಿ ಹತ್ತಿರಬೇಕ್ರಿ. ಕರೆಂಟಿನ ರೊಟ್ಟಿಗೆ ಆ ರುಚಿ ಇಲ್ಲ."

ಪಾಟೀಲರು ತಲೆಯ ಮೇಲಿನ 'ಹೊಗೆಮುಕ್ತ ಗ್ರಾಮ' ಬ್ಯಾನರ್ ನೋಡಿದರು. ಆಮೇಲೆ ಧನರಾಜನನ್ನು ನೋಡಿದರು.

ಧನರಾಜ ಮೂರು ಇಟ್ಟಂಗಿ ಹೊತ್ತು ಗುರಮ್ಮನ ಮನೆಗೆ ಓಡಿ ಬಂದ. "ಮಾವಶೀ... ಚಿಗವ್ವಾ..."

"ಯಾರಿಗೆ ಕರದ್ಯೋ?" ಗುರಮ್ಮ ಕೇಳಿದಳು. "ಮುಂಜಾನಿ ಈ ಮನ್ಯಾಗ ರಂಡಿ ಇದ್ಲು. ಮಾವಶಿ ಯಾವಾಗ ಬಂದ್ಲು?"

"ಸಿಟ್ಟಾಗಬ್ಯಾಡ. ನಾಕ ರೊಟ್ಟಿ ಬಡದ ಕೊಡು. ಸರಪಂಚರ ಕೊಟ್ಟಿಗ್ಯಾಗ ಬಾಗಲಾ ಹಾಕ್ಕೊಂಡ ಬಡಿ, ಹೊಗಿ ಹೊರಗ ಬರಬಾರದು."

"ಮತ್ತ ಹೊಗಿ ಎಲ್ಲಿಗಿ ಹೋಗಬೇಕೋ?"

"ನುಂಗು. ಇಷ್ಟ ವರ್ಷ ನುಂಗೀ ಅಲ್ಲ? ಮತ್ತ ನೀ ಬಡದಿ ಅಂತ ಯಾರ ಮುಂದೂ ಅನಬ್ಯಾಡ. ಸರಪಂಚರ ಮನೀ ರೊಟ್ಟಿ ಅನಬೇಕು."

"ನಾಳಿ ನಮ್ಮ ಒಲಿ ನಾವು ಹಾಕ್ಕೊಬಹುದ?"

"ಅದನ್ನ ಮರತ ಬಿಡು. ಅನುದಾನ ಐದ ವರ್ಷದ್ದು."

ಗುರಮ್ಮ ಇಟ್ಟಂಗಿಗಳನ್ನು ಇಸಿದುಕೊಂಡಳು. ಲೀಲಾಬಾಯಿ ತೊಗರಿ ಕಟ್ಟಿಗೆ ಹೊತ್ತಳು. ನಾವು ಉಳಿದವರು ಸಗಣಿ ಕುಳ್ಳು, ಹಂಚು, ಹಿಟ್ಟು ಹಿಡಿದು ಹಿಂದೆ ನಡೆದೆವು. ಧನರಾಜ ಮುಂದೋಡಿ ಕೊಟ್ಟಿಗೆಯ ಬಾಗಿಲು ತೆರೆದು ನಿಂತ. ಗುರಮ್ಮ ಅತ್ತ ತಿರುಗಲಿಲ್ಲ. ನೇರವಾಗಿ ಮಂಟಪಕ್ಕೆ ಹೋಗಿ, ಬ್ಯಾನರಿನ ಕೆಳಗೆ ಮೂರು ಇಟ್ಟಂಗಿ ಹೂಡಿ ಕೂತಳು.

"ಏ, ಇಲ್ಲಲ್ಲ! ಹಿಂದ! ಹಿಂದ!" ಪಾಟೀಲರು ಎದ್ದು ನಿಂತರು.

"ಕೊಟ್ಟಿಗ್ಯಾಗ ನಿಮ್ಮ ಡೀಸೆಲ್ ಮಶಿನ್ ಕುಂತದಲ್ರಿ ಯಪ್ಪಾ. ನಮ್ಮ ಹೊಗಿ ಮುಟ್ಟಿ ಅದರ ಹೊಗಿಗಿ ಮೈಲಿಗಿ ಆಗಬಾರದ್ರಿ."

ಕುಳ್ಳು ಹೊತ್ತಿತು. ಹೊಗೆ ದಪ್ಪಗೆ ಎದ್ದು ಬ್ಯಾನರನ್ನು ಸುತ್ತಿತು. ಮೇಜಿನ ಮೇಲಿನ ಯಂತ್ರ ಕೆಂಪಾಗಿ ಕೂಗತೊಡಗಿತು.

"ಆರಸ್ರಲೇ ಬೋಸಡಿಮಕ್ಕಳ್ರ್ಯಾ!" ಪಾಟೀಲರು ಚೀರಿದರು.

ಮ್ಯಾಡಮ್ ಹೊಗೆಯನ್ನು ನೋಡಿದರು. ಹಂಚಿನ ಮೇಲೆ ಉಬ್ಬುತ್ತಿದ್ದ ರೊಟ್ಟಿಯನ್ನೂ ನೋಡಿದರು.

"ಅಸೂ ದ್ಯಾ, ಪಾಟೀಲ," ಇರಲಿ ಬಿಡಿ ಎಂದು ನಿತಿನನಿಗೆ ಕಣ್ಣು ಸನ್ನೆ ಮಾಡಿದರು. ಅವನು ಯಂತ್ರವನ್ನು ಬಂದ್ ಮಾಡಿದ. ಊರಿನಲ್ಲಿ ಹೊಗೆ ಇಲ್ಲವಾಯಿತು.

ಮ್ಯಾಡಮ್ ಎದ್ದು ಬಂದು, ಒಲೆಯ ಮುಂದೆ ಬಾಗಿ ತಟ್ಟೆ ಚಾಚಿದರು. ಗುರಮ್ಮ ರೊಟ್ಟಿ ಎತ್ತಿ ಲೀಲಾಬಾಯಿಯ ಕೈಗೆ ಕೊಟ್ಟಳು. ಎರಡನೆಯದನ್ನು ನಮ್ಮಲ್ಲಿ ಹಿರಿಯಳಾದ ಮುದುಕಿಗೆ ಕೊಟ್ಟಳು.

"ಮ್ಯಾಡಮ್‌ಗ! ಮ್ಯಾಡಮ್‌ಗ!" ಧನರಾಜ ಪಿಸುಗುಟ್ಟಿದ.

"ಇನ್ನ ಯಾರ ಯಾರು ಉಂಡಿಲ್ಲ, ಮುಂದ ಬರ್ರವ್ವಾ," ಎಂದಳು ಗುರಮ್ಮ, ಮೂರನೆಯ ಉಂಡೆಗೆ ಕೈ ಹಾಕುತ್ತ.

ಒಬ್ಬೊಬ್ಬರಾಗಿ ಬಂದು ನೆಲದ ಮೇಲೆ ಕೂತೆವು. ಹೊಗೆಗೆ ಮ್ಯಾಡಮ್ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಚಾಚಿದ ತಟ್ಟೆಯನ್ನು ಅವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.