ಹೊಡೆದುಹಾಕಿದ ಲೆಕ್ಕಗಳು

ಅನುಮಾನ ನನ್ನ ಹುಟ್ಟುಗುಣ. ಅರಕಲಗೂಡಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದಾಗ, ಪರೀಕ್ಷೆ ಬಂತೆಂದರೆ ಹುಡುಗರ ಜೇಬು, ಅಂಗೈ, ಕೊನೆಗೆ ಟೋಪಿಯ ಒಳಗೂ ನೋಡುತ್ತಿದ್ದೆ. ಪರಮಶಿವಯ್ಯ ಮೇಷ್ಟ್ರಿಗೆ ಮೂರನೇ ಕಣ್ಣಿದೆ ಎಂದು ಆಡಿಕೊಳ್ಳುತ್ತಿದ್ದರು. ನನಗದು ಹೆಮ್ಮೆಯೇ ಆಗಿತ್ತು.

೧೯೬೧ರಲ್ಲಿ ಆ ಕಣ್ಣು ಶಿವಗಂಗಮ್ಮನ ಮೇಲೆ ಬಿತ್ತು. ಹತ್ತನೆಯ ತರಗತಿಯ ಹುಡುಗಿ. ಬೋರ್ಡಿನ ಮುಂದೆ ನಿಲ್ಲಿಸಿದರೆ ನಾನು ಪ್ರಶ್ನೆ ಓದಿ ಮುಗಿಸುವಷ್ಟರಲ್ಲಿ ಲೆಕ್ಕ ಬಿಡಿಸಿಬಿಡುತ್ತಿದ್ದಳು. ಆದರೆ ಶಾಲೆಯ ಸೆಲೆಕ್ಷನ್ ಪರೀಕ್ಷೆಯಲ್ಲಿ ಮೂವತ್ತೆರಡು. ಮೂವತ್ತೈದು ಬಂದವರನ್ನಷ್ಟೇ ನಾವು ಎಸ್ಸೆಸ್ಸೆಲ್ಸಿಗೆ ಕಳಿಸುತ್ತಿದ್ದೆವು. ಹಿಂದಿನ ವರ್ಷವೂ ಅವಳಿಗೆ ಬಂದದ್ದು ಮೂವತ್ತೆರಡೇ.

ಬೇಕೆಂದೇ ಉಳಿಯುತ್ತಿದ್ದಾಳೆ, ಯಾವನೋ ಇರಬೇಕು ಎಂದುಕೊಂಡೆ. ಹೇಳಲು ನಾಚಿಕೆಯಾಗುತ್ತದೆ, ಒಂದು ವಾರ ಸಂಜೆ ಸೈಕಲ್ಲು ತಳ್ಳಿಕೊಂಡು ಮಲ್ಲಿಪಟ್ಟಣದ ರಸ್ತೆಯಲ್ಲಿ ಅವಳ ಹಿಂದೆ ಹೋದೆ. ಅವಳದು ಆ ದಾರಿಯಲ್ಲಿ ಮೂರು ಮೈಲಿ ದೂರದ ಹಳ್ಳಿ. ಜೊತೆಗಿದ್ದವಳು ತಂಗಿ ಪುಟ್ಟತಾಯಿ, ನಮ್ಮಲ್ಲೇ ಎಂಟನೆಯ ತರಗತಿ. ದಾರಿಯುದ್ದಕ್ಕೂ ಅಕ್ಕ ಪ್ರಶ್ನೆ ಕೇಳುವುದು, ತಂಗಿ ತಡವರಿಸುವುದು. ಬೇರೆ ನರಪಿಳ್ಳೆಯೂ ಇಲ್ಲ.

ಅವಳ ಉತ್ತರಪತ್ರಿಕೆಯನ್ನು ಮತ್ತೆ ತೆಗೆದೆ. ಎರಡು ಲೆಕ್ಕಗಳಿಗೆ ಅಡ್ಡಗೆರೆ ಎಳೆದಿದ್ದಳು. ಗೆರೆಯ ಕೆಳಗಿನ ಎರಡೂ ಸರಿ. ಅವಳನ್ನು ಕರೆಸಿದೆ.

"ಸರಿಯಾಗಿ ಮಾಡಿದ್ದನ್ನ ಯಾಕೆ ಹೊಡೆದುಹಾಕಿದೆ?"

"ಅಪ್ಪ ಒಂಟಿ ಹೆಣ್ಣ ಇಸ್ಕೂಲಿಗೆ ಕಳಿಸಕಿಲ್ಲ ಸಾ. ನಾನು ಪಾಸಾದ್ರೆ ಪುಟ್ಟತಾಯೀನ ಬಿಡಿಸ್ಬುಡ್ತಾರೆ. ಅವಳ್ದು ಇನ್ನೂ ಎರಡು ವರ್ಸ ಅದೆ."

"ಕತೆ ಕಟ್ಟಬೇಡ," ಎಂದೆ. ಹೊಡೆದುಹಾಕಿದ ಲೆಕ್ಕಗಳಿಗೂ ಅಂಕ ಕೊಟ್ಟು ಪಾಸು ಮಾಡಿದೆ. ದೊಡ್ಡ ಪರೀಕ್ಷೆಯಲ್ಲೂ ಈ ಆಟ ಆಡಿದರೆ ನಿನ್ನಪ್ಪ ದ್ಯಾವಯ್ಯನಿಗೆ ಎಲ್ಲ ಹೇಳುತ್ತೇನೆ ಎಂದು ಹೆದರಿಸಿದೆ. ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಹಾಸನದಲ್ಲಿ ಅವಳ ಸೋದರಮಾವನ ಮನೆಯಿತ್ತು. ಅಲ್ಲಿದ್ದು ಓದಲಿ ಎಂದು ಮೇಷ್ಟ್ರ ಟ್ರೈನಿಂಗಿಗೆ ನಾನೇ ಓಡಾಡಿ ಸೀಟು ಕೊಡಿಸಿದೆ.

ಜೂನ್‌ನಲ್ಲಿ ಶಾಲೆ ತೆರೆದಾಗ ಪುಟ್ಟತಾಯಿ ಒಂಬತ್ತನೆಯ ತರಗತಿಯಲ್ಲಿ ಕೂತಿದ್ದಳು. ನೋಡು, ಅಕ್ಕ ಹೇಳಿದ್ದು ಹಸಿ ಸುಳ್ಳು ಎಂದು ಮನಸ್ಸಿನಲ್ಲೇ ಬೀಗಿದೆ. ಆಮೇಲೆ ಕಿಟಕಿಯಾಚೆ ಕಣ್ಣು ಹೋಯಿತು. ಹೊಂಗೆಮರದ ಕೆಳಗೆ ಶಿವಗಂಗಮ್ಮ ಊಟದ ಗಂಟು ಇಟ್ಟುಕೊಂಡು ಕೂತಿದ್ದಳು.

"ಹಾಸನಕ್ಕೆ ಹೋಗಲಿಲ್ವೇನಮ್ಮ?"

"ಇಲ್ಲ ಸಾ. ಇವಳ ಜೊತೀಗೆ ಒಬ್ರು ಬೇಕಲ್ಲ. ಸಂಜೆಗಂಟ ಇಲ್ಲೇ ಇರ್ತೀನಿ."

"ಸೀಟು?"

"ಓಯ್ತು ಸಾ."

"ಬಿಸಿಲು. ಒಳಗಾದರೂ ಬಂದು ಕೂತ್ಕೊ."

"ಪಾಸಾದೋರು ಒಳಗೆ ಕೂರಂಗಿಲ್ವಲ್ಲ ಸಾ." ಅವಳ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು.

ಮಳೆ ಬಂದರೆ ಎಲೆ ಹೆಣೆದ ಗೊರಗ ಹೊದ್ದು, ಆ ವರ್ಷವೆಲ್ಲ ಅವಳು ಅಲ್ಲೇ ಕೂತಳು. ಅಲ್ಲಿಯವರೆಗೆ ಹೇಗೋ ಪಾಸಾಗುತ್ತಿದ್ದ ಪುಟ್ಟತಾಯಿ ಎಲ್ಲ ವಿಷಯಗಳಲ್ಲೂ ತರಗತಿಗೇ ಮೊದಲು ಬಂದಳು. ನಾನು ಅವಳ ಅಂಗೈ ನೋಡಲಿಲ್ಲ.

ಹೆಡ್‌ಮಾಸ್ಟರ್ ಪಂಚಾಕ್ಷರಯ್ಯನವರು ಅಂಕಪಟ್ಟಿ ಹಿಡಿದು ಬಂದು, "ನಿಮ್ಮ ಶಿಸ್ತು ಹುಡುಗೀನ ಮೇಲಕ್ಕೆ ತಂತು ಬಿಡಿ," ಎಂದರು.

ಅವರನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ ಹೊಂಗೆಮರದ ಕೆಳಗೆ ಕೂತಿದ್ದವಳನ್ನು ತೋರಿಸಿದೆ.