ಅಳಿಯನಿಗೆ ಟವೆಲ್

ನಮ್ಮ ಕೋಣೆಗೆ ಕಿಟಕಿ ಇರಲಿಲ್ಲ.

"ಕಿಟಕಿ ಯಾಕ್ರೇ ನಿಮಗೆ? ಕೆಲಸ ಬಿಟ್ಟು ಹೊರಗೆ ಬಾಯಿ ಬಿಟ್ಕೊಂಡು ನಿಲ್ಲೋಕಾ?" ಎಂದು ಮ್ಯಾನೇಜರ್ ಕೇಳಿದ್ದು ಮೆಟ್ಟಿಲ ಮೇಲೆ ನಿಂತು, ಮೂಗಿಗೆ ಕರ್ಚೀಫು ಒತ್ತಿಕೊಂಡು. ಕೆಳಗಿಳಿದು ಬರುವ ಅಭ್ಯಾಸ ಅವನಿಗಿರಲಿಲ್ಲ. ಕತ್ತಿನ ಸುತ್ತ ಸದಾ ಒಂದು ಬಿಳಿ ಪಟ್ಟೆ ಇರುತ್ತಿದ್ದುದರಿಂದ ನಾವು ಅವನನ್ನು ಪೌಡರ್ ಎನ್ನುತ್ತಿದ್ದೆವು.

ಅದು ಹೋಟೆಲಿನ ಬೇಸ್‌ಮೆಂಟು. ಮೇಲಿನ ಎಲ್ಲ ಮಹಡಿಗಳ ಬೆಡ್‌ಶೀಟು, ದಿಂಬಿನ ಕವರು, ಟವೆಲ್ಲು ಬಂದು ಬೀಳುತ್ತಿದ್ದದ್ದು ನಮ್ಮ ತಲೆಯ ಮೇಲೆ. ನಮ್ಮಲ್ಲಿ ಹಿರಿಯಳೆಂದು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದವಳು ಮೆಷಿನ್ನಿಗೆ ಹಾಕುತ್ತಿದ್ದಳು, ನನ್ನ ಸ್ವಂತ ಅಕ್ಕನ ಗಂಡ ಇಸ್ತ್ರಿ ಮಾಡುತ್ತಿದ್ದ, ನಾನು ಮಡಚುತ್ತಿದ್ದೆ. ನಾನು ಅವನನ್ನು ಭಾವ ಎನ್ನುತ್ತಿದ್ದೆನೆಂದು ಇಡೀ ಹೋಟೆಲ್ ಅವನನ್ನು ಭಾವ ಎನ್ನುತ್ತಿತ್ತು. ಪೌಡರ್ ಕೂಡ.

ನಮ್ಮ ತಲೆಯ ನೇರಕ್ಕೆ, ಮೇಲೆ, ಎರಡು ದೊಡ್ಡ ಕಿಟಕಿಗಳಿದ್ದ ಒಂದು ಕೋಣೆ ಇತ್ತು. ಅದರಲ್ಲಿ ಕಾಲು ಮುರಿದ ಕುರ್ಚಿಗಳಿದ್ದವು. ಆ ಕೋಣೆ ಕೊಡಿ, ಕುರ್ಚಿಗಳನ್ನು ಕೆಳಗಿಡಿ ಎಂದು ದೊಡ್ಡಕ್ಕ ಕೇಳುತ್ತಲೇ ಬಂದಿದ್ದಳು. ಪೌಡರನ ಉತ್ತರ ಪ್ರತಿ ಸಲವೂ ಒಂದೇ. ಕೆಳಗಿನ ತೇವಕ್ಕೆ ಮರ ಹಾಳಾಗುತ್ತದೆ. ಅವನು ತಮಾಷೆಗೆ ಹೇಳುತ್ತಿರಲಿಲ್ಲ. ಮರದ ಬಗ್ಗೆ ಅವನಿಗೆ ನಿಜವಾಗಿ ಕಾಳಜಿಯಿತ್ತು.

ಹೀಗಿರುವಾಗ ಗಾಳಿ ಪರೀಕ್ಷೆಯವಳು ಬಂದಳು. ನೆಲದಡಿ ಜನ ಕೆಲಸ ಮಾಡುವ ಕಟ್ಟಡಗಳನ್ನೆಲ್ಲ ಪರೀಕ್ಷಿಸಬೇಕೆಂದು ಹೊಸ ನಿಯಮ ಬಂದಿತ್ತಂತೆ. ಹೆಗಲಿಗೆ ಚೀಲ ಹಾಕಿಕೊಂಡ ಸಣ್ಣ ವಯಸ್ಸಿನ ಹುಡುಗಿ. ಮೆಟ್ಟಿಲಿಳಿದು ಬಂದು ನಮ್ಮ ಮೇಜಿನ ಪಕ್ಕವೇ ನಿಂತಳು. ಅದಕ್ಕೇ ದೊಡ್ಡಕ್ಕನಿಗೆ ಅರ್ಧ ಇಷ್ಟವಾಗಿಬಿಟ್ಟಳು.

ರೇಡಾನ್ ಅಂತ ಒಂದು ಅನಿಲವಿದೆ, ನೆಲದೊಳಗಿನ ಕಲ್ಲುಮಣ್ಣಿನಿಂದ ಹುಟ್ಟುತ್ತೆ, ನೆಲದ ಬಿರುಕು, ಪೈಪಿನ ಸಂದಿ ಹಿಡಿದು ಒಳಗೆ ಬರುತ್ತೆ, ಗಾಳಿಯಾಡದ ಕಡೆ ಸೇರಿಕೊಳ್ಳುತ್ತೆ, ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರ್ ಆಗಬಹುದು ಎಂದು ಅವಳು ವಿವರಿಸಿದಳು. ಭಾವ ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿ ತನ್ನ ಕಾಲಡಿಯ ಬಿರುಕನ್ನು ನೋಡಿದ. ಆಮೇಲೆ ಅದರ ಮೇಲೆ ಚಪ್ಪಲಿ ಇಟ್ಟ.

ಪೌಡರ್ ಮೆಟ್ಟಿಲ ಮೇಲಿನಿಂದಲೇ ಕರ್ಚೀಫು ತೆಗೆದು ಒಮ್ಮೆ ಮೂಸಿದ.

"ನಂಗೇನೂ ವಾಸನೆ ಬರ್ತಿಲ್ಲವಲ್ಲಮ್ಮ."

"ಅದಕ್ಕೆ ವಾಸನೆ ಇರಲ್ಲ ಸಾರ್. ಬಣ್ಣಾನೂ ಇಲ್ಲ."

"ಮತ್ತೆ? ಇಲ್ಲ ಅಂತ ತಾನೇ ಅರ್ಥ?"

ಹುಡುಗಿ ಚೀಲದಿಂದ ಆ ಅನಿಲ ಅಳೆಯುವ ಒಂದು ಪೆಟ್ಟಿಗೆ ತೆಗೆದಳು. ಟಿಫಿನ್ ಡಬ್ಬಿಯಷ್ಟಿತ್ತು, ಮೂಲೆಯಲ್ಲಿ ಹಸಿರು ದೀಪ. ಅದನ್ನು ನಾನು ಮಡಚುವ ಮೇಜಿನ ಮೇಲಿಟ್ಟಳು. ಒಂದು ವಾರ ಇಲ್ಲೇ ಇರಬೇಕು. ಜರುಗಿಸಬಾರದು, ಮುಚ್ಚಬಾರದು, ಫ್ಯಾನಿನ ಎದುರು ಇಡಬಾರದು. ಇವರು ಉಸಿರಾಡೋ ಗಾಳಿಯನ್ನೇ ಅದೂ ಉಸಿರಾಡಬೇಕು. ಜೋಪಾನ, ತುಂಬ ಬೆಲೆ ಬಾಳುತ್ತೆ ಎಂದಳು. ಪೌಡರನ ಕಿವಿಗೆ ಬಿದ್ದದ್ದು ಈ ಕೊನೆಯ ಮಾತು ಮಾತ್ರ.

ಅವಳು ಹೋದ ಮೇಲೆ ಪೌಡರ್ ಮೊದಲ ಬಾರಿಗೆ ಕೊನೆಯ ಮೆಟ್ಟಿಲವರೆಗೂ ಇಳಿದು ಬಂದ. ಗೋಡೆಯ ಪಾಚಿ ನೋಡಿದ, ಮೆಷಿನ್ನಿನ ಹಬೆ ನೋಡಿದ, ಪೆಟ್ಟಿಗೆ ನೋಡಿದ. ಅವನ ಮುಖ ಬಾಡಿತು.

"ಕೊಡ್ರೇ ಅದನ್ನ ಇಲ್ಲಿ. ಈ ಗಬ್ಬಿನಲ್ಲಿ ಇಟ್ರೆ ಎರಡೇ ದಿನಕ್ಕೆ ಕೆಟ್ಟು ಹೋಗುತ್ತೆ. ಆಮೇಲೆ ಯಾರು ಜವಾಬ್ದಾರಿ?"

"ನಾವು ಕೆಟ್ಟರೆ ಯಾರು ಸಾರ್ ಜವಾಬ್ದಾರಿ?" ಎಂದಳು ದೊಡ್ಡಕ್ಕ.

"ನಿಮಗೆ ಬದಲಿ ಸಿಗ್ತಾರೆ ಕಣೇ. ಇದಕ್ಕೆಲ್ಲಿ ಸಿಗುತ್ತೆ?"

ಎರಡೂ ಕೈಯಲ್ಲಿ ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೊರಟ. ಅವನ ಕೋಣೆ ಎರಡನೇ ಮಹಡಿಯಲ್ಲಿ. ಎ.ಸಿ. ಇತ್ತು, ತೋಟದ ಕಡೆಗೆ ಕಿಟಕಿಯಿತ್ತು. ಪೆಟ್ಟಿಗೆಯನ್ನು ಆ ಕಿಟಕಿಯ ಪಕ್ಕ, ಸೋಫಾದ ದಿಂಬಿನ ಮೇಲೆ ಕೂರಿಸಿದನೆಂದು ಕೋಣೆ ಗುಡಿಸುವವಳು ಬಂದು ಹೇಳಿದಳು. ದೂಳು ಕೂರಬಾರದೆಂದು ಅದರ ಮೇಲೆ ಹೊದಿಸಲು ದಿನವೂ ಒಂದು ಒಗೆದ ಟವೆಲ್ ಕಳಿಸಬೇಕೆಂದು ಆರ್ಡರೂ ಬಂತು. ಇಸ್ತ್ರಿ ಮಾಡಿರಬೇಕು.

"ಅಳಿಯ ಬಂದಿದ್ದಾನೆ ನೋಡು," ಎಂದು ಭಾವ ಹಲ್ಲು ಕಡಿದ. "ನಾನು ಇವಳ ಮನೆ ಅಳಿಯ ಆಗಿ ಇಷ್ಟು ವರ್ಷ ಆಯ್ತು, ನಂಗೆ ಒಬ್ಬ ನನ್ಮಗನೂ ಮುಖ ಒರೆಸೋಕೆ ಬಟ್ಟೆ ಕೊಡಲಿಲ್ಲ."

ಅಂದಿನಿಂದ ಪೆಟ್ಟಿಗೆಗೆ ಅಳಿಯ ಎಂದೇ ಹೆಸರಾಯಿತು. ಬೆಳಗಾದರೆ ಅಳಿಯನಿಗೆ ಟವೆಲ್. ಅಳಿಯನಿಗೆ ಸೆಖೆಯಾಗುತ್ತಿದೆಯಂತೆ, ಎ.ಸಿ. ಜಾಸ್ತಿ ಮಾಡಿದ್ದಾರಂತೆ. ಅಳಿಯ ಕಿಟಕಿಯಿಂದ ತೋಟ ನೋಡುತ್ತಿದ್ದಾನಂತೆ. ದೊಡ್ಡಕ್ಕ ಮಾತ್ರ ನಗುತ್ತಿರಲಿಲ್ಲ. ಆ ಹುಡುಗಿ ಬಂದಾಗ ಹೇಳ್ತೀನಿ ಎಂದುಕೊಂಡೇ ಮೆಷಿನ್ನಿನ ಬಾಗಿಲು ದಬ್ಬನೆ ಹಾಕುತ್ತಿದ್ದಳು. ಹನ್ನೊಂದು ವರ್ಷದಿಂದ ಅವಳು ಆ ಕೋಣೆಯಲ್ಲಿದ್ದಳು.

ಹೇಳಲು ಆಗಲಿಲ್ಲ. ವಾರ ಕಳೆದು ಹುಡುಗಿ ಬಂದಾಗ ಪೌಡರ್ ಪೆಟ್ಟಿಗೆಯನ್ನು ರಿಸೆಪ್ಷನ್ನಿನಲ್ಲೇ ಅವಳ ಕೈಗಿಟ್ಟು, ಜರುಗಿಸಿಲ್ಲ, ಯಾರನ್ನೂ ಮುಟ್ಟಲು ಬಿಟ್ಟಿಲ್ಲ ಎಂದನಂತೆ. ಕಾಫಿಯನ್ನೂ ಕುಡಿಸಿದನಂತೆ. ಸ್ವಲ್ಪ ದಿನಕ್ಕೆ ನಮ್ಮ ಬಾಗಿಲ ಮೇಲೆ ಒಂದು ಕಾಗದ ಬಂದು ಅಂಟಿತು. ಬಟ್ಟೆ ಒಗೆಯುವ ಕೋಣೆ, ಗಾಳಿ ಸುರಕ್ಷಿತ.

ಪೌಡರ್ ಅದನ್ನು ಸ್ವತಃ ಅಂಟಿಸಿದ. "ನೋಡಿದ್ರಾ, ಎಂಥ ಗಾಳಿ ಕೊಟ್ಟಿದ್ದೀನಿ ನಿಮಗೆ. ಇನ್ನು ಮೇಲೆ ಆ ಕುರ್ಚಿ ರೂಮಿನ ಸುದ್ದಿ ಎತ್ತಿದ್ರೆ ಗೇಟಿನ ಆಚೆ," ಎಂದು ಹೇಳಿ ಕ್ಷೌರಕ್ಕೆ ಹೋದ.

ದೊಡ್ಡಕ್ಕ ಕಾಗದವನ್ನು ನನ್ನ ಕೈಲಿ ಇನ್ನೊಮ್ಮೆ ಓದಿಸಿದಳು. ಸೊಂಟದ ಮೇಲೆ ಕೈಯಿಟ್ಟಳು.

"ಇದು ಅಳಿಯ ಕೂತಿದ್ದ ಕೋಣೆ ಗಾಳಿ ಅಲ್ವೇನೇ?"

"ಹೂಂ ದೊಡ್ಡಕ್ಕ."

"ಬಟ್ಟೆ ಒಗೆಯೋ ಕೋಣೆ ಅಂತ ಬರೆದಿದ್ದಾರೆ ತಾನೇ?"

"ಹೂಂ."

"ಹಾಗಾದ್ರೆ ಬಟ್ಟೆ ಒಗೆಯೋ ಕೋಣೆ ಅದೇ. ಇಷ್ಟು ದಿನ ನಾವೇ ತಪ್ಪು ಕೋಣೆಲಿ ಕೂತಿದ್ವಿ. ಎತ್ತೋ ಭಾವ ಟೇಬಲ್ಲು."

ಮೆಷಿನ್ನು ಎತ್ತಲಾಗಲಿಲ್ಲ, ಬಿಟ್ಟೆವು. ಇಸ್ತ್ರಿ ಮೇಜು, ಬಕೆಟ್ಟುಗಳು, ಆಗಷ್ಟೇ ತೆಗೆದ ಒಂದು ಗಾಡಿ ಒದ್ದೆ ಬೆಡ್‌ಶೀಟುಗಳನ್ನು ಗಿರಾಕಿಗಳ ಲಿಫ್ಟಿನಲ್ಲಿ ತುಂಬಿಸಿದೆವು. ಆ ಲಿಫ್ಟಿಗೆ ನಾವು ಕಾಲಿಡುವಂತಿರಲಿಲ್ಲ. ಅದರೊಳಗೆ ಕನ್ನಡಿಯಿತ್ತು. ಭಾವ ತನ್ನನ್ನು ತಾನು ನೋಡಿ ತಲೆ ಬಾಚಿಕೊಂಡ.

ಪೌಡರ್ ತಿರುಗಿ ಬರುವಷ್ಟರಲ್ಲಿ ಅವನ ಕೋಣೆಯಲ್ಲಿ ಎ.ಸಿ.ಯಿಂದ ಪರದೆಯ ಕೋಲಿಗೆ ಹಗ್ಗ ಎಳೆದಾಗಿತ್ತು, ಹಗ್ಗದ ತುಂಬ ಬೆಡ್‌ಶೀಟುಗಳಿದ್ದವು. ಭಾರಕ್ಕೆ ಕೋಲು ಬಾಗಿತ್ತು, ನೀರು ಕಾರ್ಪೆಟ್ಟಿನ ಮೇಲೆ ತೊಟ್ಟಿಕ್ಕುತ್ತಿತ್ತು. ನಾನು ಅವನ ಮೇಜಿನ ಮೇಲೆ ದಿಂಬಿನ ಕವರು ಮಡಚುತ್ತಿದ್ದೆ. ದೊಡ್ಡಕ್ಕ ಕಿಟಕಿಯ ಪಕ್ಕ ಅಳಿಯನ ದಿಂಬಿನ ಮೇಲೆ ಕೂತು ತೋಟ ನೋಡುತ್ತಿದ್ದಳು.

"ಯಾವ ಮುಂಡೆ ಹೇಳಿದ್ದು ನಿಮಗೆ ಇಲ್ಲಿಗೆ ಬರೋಕೆ?"

"ಕಾಗದ ಹೇಳಿದ್ದು," ಎಂದು ದೊಡ್ಡಕ್ಕ ತಿರುಗದೆ ಹೇಳಿದಳು. "ತಂದು ನಿನ್ನ ಬಾಗಿಲ ಮೇಲೆ ಅಂಟಿಸಿದ್ದೀವಿ, ಓದ್ಕೊ ಬೋಳಿಮಗನೆ."

ಗಲಾಟೆಗೆ ಹೋಟೆಲಿನ ಧಣಿಗಳು ಬಂದರು. ಅವರ ಹಿಂದೆ ಲುಂಗಿಯುಟ್ಟ ಒಬ್ಬ ದಪ್ಪನೆಯ ಗಿರಾಕಿಯೂ ಬಂದು, ಕುತೂಹಲದಿಂದ ಬೆಡ್‌ಶೀಟುಗಳ ನಡುವೆ ತಲೆ ತೂರಿಸಿದ. ಧಣಿಗಳಿಗೆ ಅವನೆದುರು ಕೂಗಾಡುವಂತಿರಲಿಲ್ಲ. ನಗುಮುಖದಲ್ಲೇ ವಿಷಯ ಕೇಳಿದರು. ದೊಡ್ಡಕ್ಕ ಹೇಳಿದಳು. ಕೆಳಗಿನ ಗಾಳಿ ಅಷ್ಟು ಚೆನ್ನಾಗಿದ್ದರೆ ಸಾಹೇಬರು ಅಲ್ಲಿ ಕೂತುಕೊಳ್ಳಲಿ, ನಾವು ಇಲ್ಲಿ ಕಷ್ಟಪಡ್ತೀವಿ ಎಂದಳು.

ಧಣಿಗಳು ಪೌಡರನತ್ತ ತಿರುಗಿದರು. "ಸುರಕ್ಷಿತ ಅಂತಿದೆಯಲ್ಲಯ್ಯಾ. ಇವರು ಇದನ್ನೆಲ್ಲ ತೆಗೆಯೋವರೆಗೂ ಕೆಳಗೆ ಕೂತಿರು ಹೋಗು."

ಪೌಡರ್ ಹೋಗಲಿಲ್ಲ. ಒಂದು ಒದ್ದೆ ಬೆಡ್‌ಶೀಟು ಅವನ ಹೆಗಲಿಗೆ ಅಂಟಿತ್ತು, ಕತ್ತಿನ ಪೌಡರೆಲ್ಲ ಹಿಟ್ಟಾಗಿ ಅಂಗಿಯೊಳಗೆ ಇಳಿಯುತ್ತಿತ್ತು.

"ಆಗಲ್ಲ ಸಾರ್," ಎಂದ ಕೊನೆಗೆ. "ನಂಗೆ ಮಕ್ಕಳಿದ್ದಾರೆ. ಪೆಟ್ಟಿಗೆ ಇಲ್ಲೇ ಇತ್ತು ಸಾರ್. ಕೆಳಗೆ ಎಷ್ಟಿದೆಯೋ ಏನೋ."

ದಪ್ಪನೆಯ ಗಿರಾಕಿ ಲುಂಗಿ ಬಿಗಿ ಮಾಡಿಕೊಂಡ. "ರೀ, ನನ್ನ ರೂಮು ನೆಲಮಹಡಿ. ಅದು ನನ್ನ ಹತ್ರಕ್ಕೂ ಬರುತ್ತಾ?"

ಆಗ ಧಣಿಗಳ ನಗು ನಿಂತಿತು. ಗಾಳಿ ಪರೀಕ್ಷೆಯವಳಿಗೆ ಫೋನು ಹೋಯಿತು.

ನಮ್ಮನ್ನು ಆ ದಿನವೇ ಕೆಲಸದಿಂದ ಕಳಿಸಿದರು. ಗಿರಾಕಿಗಳ ಲಿಫ್ಟು ಹತ್ತಿದ್ದಕ್ಕೆ ಎಂದರು, ಗಾಳಿಯ ಮಾತು ಎತ್ತಲಿಲ್ಲ. ಪೌಡರನಿಗೆ ಹೊಸ ಕಾರ್ಪೆಟ್ಟು ಬಂತು.

ಮುಂದಿನದು ಗುಡಿಸುವವಳು ಹೇಳಿದ್ದು. ಈ ಸಲ ಹುಡುಗಿ ಪೆಟ್ಟಿಗೆಯನ್ನು ಕೆಳಗೇ ಮೇಜಿಗೆ ಸರಪಳಿ ಹಾಕಿ ಬೀಗ ಜಡಿದು ಹೋದಳಂತೆ. ಇರಬಹುದಾದ ಮಿತಿಯ ಐದು ಪಟ್ಟು ರೇಡಾನ್ ಬಂತಂತೆ. ನೆಲ ಕೊರೆದು, ಅಡಿಯ ಗಾಳಿಯನ್ನು ಎಳೆದು ತಾರಸಿಯ ಮೇಲೆ ಬಿಡುವ ಫ್ಯಾನಿನ ಪೈಪು ಹಾಕಿದರಂತೆ, ಬಿರುಕು ಮುಚ್ಚಿದರಂತೆ. ಬಟ್ಟೆ ಕೆಲಸ ಈಗ ಎರಡು ಕಿಟಕಿಯ ಕೋಣೆಯಲ್ಲಿ, ಹೊಸಬರು ಮಾಡುತ್ತಾರೆ. ಕುರ್ಚಿಗಳು ಕೆಳಗಿವೆ, ಒಂದೂ ಹಾಳಾಗಿಲ್ಲ.

ದೊಡ್ಡಕ್ಕನನ್ನು ಎದೆಯ ಫೋಟೋ ತೆಗೆಸಲು ಕರೆದುಕೊಂಡು ಹೋಗಿದ್ದೆ. ಆಸ್ಪತ್ರೆಯ ವರಾಂಡದಲ್ಲಿ, ಕಿಟಕಿಯ ಪಕ್ಕದ ಬೆಂಚೇ ಬೇಕೆಂದು ಇನ್ನೊಬ್ಬಳ ಜೊತೆ ಜಗಳ ಆಡಿ ಕೂತಳು. ಫಲಿತಾಂಶ ಇನ್ನೂ ಬಂದಿಲ್ಲ.

ಇಲ್ಲಿಯವರೆಗೆ ಹೋದದ್ದು ಇಷ್ಟು: ಮೂರು ಜನರ ಕೆಲಸ, ಒಂದು ಕಾರ್ಪೆಟ್ಟು, ಒಂದು ಪರದೆ ಕೋಲು, ದೊಡ್ಡಕ್ಕನ ಹನ್ನೊಂದು ವರ್ಷದ ಉಸಿರು.